ಬೆಣ್ಣೆ ಪೊಟ್ಟಣದ ಆರನೆಯ ಹುಡುಗಿ

ಮಾರ್ಚಿನ ಎರಡನೆಯ ಶನಿವಾರ ನನ್ನ ಗಂಡ ರಸ್ ಹರಾಜಿನಿಂದ ಬಂದವನು ಕೋಟನ್ನೂ ಬಿಚ್ಚದೆ ಊಟದ ಮೇಜಿನ ಮೇಲೆ ಐದು ಕಾರ್ಡುಗಳನ್ನು ಸಾಲಾಗಿ ಇಟ್ಟ. ನಾನು ಒಲೆಯಿಂದ ತೆಗೆದ ಆಲೂಗಡ್ಡೆ ಕ್ಯಾಸರೋಲ್ ಹಿಡಿದು ನಿಂತಿದ್ದೆ. ಪಾತ್ರೆ ಇಡಲು ಜಾಗವಿರಲಿಲ್ಲ.

"ಯಾರೂ ಎಣ್ಣೆಕೈಲಿ ಮುಟ್ಬೇಡಿ. ಒಂಬೈನೂರು ಡಾಲರಿನ ಸಾಮಾನು ಇದು. ನಂಗೆ ನೂರನಲವತ್ತಕ್ಕೆ ಸಿಕ್ತು. ಮಾರೋರಿಗೆ ಅದೇನು ಅಂತಾನೇ ಗೊತ್ತಿರ್ಲಿಲ್ಲ."

"ನಂಗೆ ಕೈ ಸುಡ್ತಿದೆ ರಸ್."

"ಒಂದು ನಿಮಿಷ, ಡೀನಾ."

ದಪ್ಪ ಕಾಗದದ ಸಣ್ಣ ಕಾರ್ಡುಗಳು. ಒಂದೊಂದರಲ್ಲೂ ಸ್ಯಾಟಿನ್ ಚಡ್ಡಿ ತೊಟ್ಟು ಚೆಂಡು ಹಿಡಿದು ನಿಂತ ಒಬ್ಬೊಬ್ಬ ಹುಡುಗಿ, ಅವಳ ಹೆಸರು, ಆಟದ ಸ್ಥಾನ. ಕೆಳಗೆ 'ಫೇರ್‌ಲಿ ಡೈರಿ, 1968' ಎಂದು ಹಸಿರು ಅಕ್ಷರ. ಆ ವರ್ಷ ನಮ್ಮ ಊರಿನ ಶಾಲೆಯ ಹುಡುಗಿಯರು ಬ್ಯಾಸ್ಕೆಟ್‌ಬಾಲಿನ ರಾಜ್ಯ ಪಂದ್ಯಾವಳಿಗೆ ಹೋಗಿದ್ದರು. ಆ ಖುಷಿಗೆ ಡೈರಿಯವರು ಬೆಣ್ಣೆ ಪೊಟ್ಟಣದೊಳಗೆ ಅವರ ಕಾರ್ಡು ಹಾಕಿ ಮಾರಿದ್ದರಂತೆ. ಡೈರಿ ಮುಚ್ಚಿಯೇ ನಲವತ್ತು ವರ್ಷವಾಗಿದೆ.

ನನ್ನ ಅಮ್ಮ ವರ್ನಾ ಊರುಗೋಲನ್ನು ಕುರ್ಚಿಗೆ ಒರಗಿಸಿ, ಕನ್ನಡಕ ಹಾಕಿಕೊಂಡು ಬಗ್ಗಿದಳು. ಬೆರಳು ತಾಗಿಸದೆ ಒಂದೊಂದನ್ನೇ ತೋರಿಸುತ್ತ ಹೋದಳು. "ಡಾರ್ಲೀನ್. ಶರನ್. ಕ್ಯಾರಲ್ ಆನ್. ಇವಳು ಬೆಟ್ಸಿ. ಇವಳು ಪಾಪ ಅರ್ಡಿತ್, ತೀರಿಕೊಂಡಳು." ಆಮೇಲೆ ತಲೆ ಎತ್ತಿದಳು. "ನಾನೆಲ್ಲಿ?"

"ನೀವಾ?" ರಸ್ ನಕ್ಕ. "ಇದು ಐದರ ಸೆಟ್ಟು, ವರ್ನಾ."

"ಆರು."

"ಐದು. ತಾಳಿ, ತೋರಿಸ್ತೀನಿ." ನೆಲಮಾಳಿಗೆಗೆ ಓಡಿ ತನ್ನ ದರಪುಸ್ತಕ ತಂದ. ದೇಶದ ಮೂಲೆ ಮೂಲೆಯ ಅಂಗಡಿ, ಬೇಕರಿ, ಪೆಟ್ರೋಲ್ ಬಂಕುಗಳು ಸಾಮಾನಿನ ಜೊತೆ ಪುಕ್ಕಟೆ ಕೊಟ್ಟ ಆಟಗಾರರ ಕಾರ್ಡುಗಳಿಗೆಲ್ಲ ಈಗ ಏನು ಬೆಲೆ ಎಂದು ಬರೆದಿರುವ ಪುಸ್ತಕ ಅದು. ಸಂಗ್ರಹದ ಹುಚ್ಚಿನವರಿಗೆ ಅದೇ ಕಡೆಯ ಮಾತು. ರಸ್ ಓದಿದ: "ಫೇರ್‌ಲಿ ಡೈರಿ, ಅಯೋವಾ, ಐದು ಕಾರ್ಡು, ಸೆಟ್ಟು ಪೂರ್ಣ."

"ಅದನ್ನ ಬರೆದೋನು ಯಾವ ಊರಿನವನು?"

"ಒಹಾಯೋ."

"ಅದಕ್ಕೇ," ಎಂದಳು ಅಮ್ಮ, ತಟ್ಟೆ ಎಳೆದುಕೊಂಡಳು.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಅಯೋವಾದಲ್ಲಿ ಆಗ ಹುಡುಗಿಯರು ಆಡುತ್ತಿದ್ದುದು ಆರು ಜನರ ಬ್ಯಾಸ್ಕೆಟ್‌ಬಾಲ್. ಅಂಕಣದ ನಡುವೆ ಗೆರೆ. ಮೂವರು ಫಾರ್ವರ್ಡುಗಳು ಒಂದು ಕಡೆ, ಅವರದು ಬುಟ್ಟಿಗೆ ಚೆಂಡು ಹಾಕುವ ಕೆಲಸ. ಮೂವರು ಗಾರ್ಡುಗಳು ಇನ್ನೊಂದು ಕಡೆ, ಅವರದು ಎದುರಾಳಿಯನ್ನು ತಡೆಯುವ ಕೆಲಸ. ಗೆರೆ ದಾಟುವಂತಿಲ್ಲ. ಗಾರ್ಡ್ ಆದವಳು ನಾಲ್ಕು ವರ್ಷ ಆಡಿದರೂ ಒಂದು ಅಂಕ ಗಳಿಸುವಂತಿಲ್ಲ. ನಾನೂ ಹಾಗೇ ಆಡಿ ಬೆಳೆದವಳು. ರಸ್ ಇಂಡಿಯಾನಾದಿಂದ ಬಂದವನು, ಅವನಿಗೆ ತಂಡ ಎಂದರೆ ಐದು. ಮೇಜಿನ ಮೇಲಿದ್ದುದು ಮೂವರು ಫಾರ್ವರ್ಡುಗಳು, ಇಬ್ಬರೇ ಗಾರ್ಡುಗಳು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆ ಹೊತ್ತಿಗೆ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಯಾಕೆಂದರೆ ಅವತ್ತು ಬೆಳಿಗ್ಗೆ ಅಮ್ಮ ಖಾಲಿ ಪಾತ್ರೆಯ ಕೆಳಗೆ ಒಲೆ ಉರಿಸಿಟ್ಟು ಮಲಗಿದ್ದಳು. ಅದು ಎರಡನೆಯ ಸಲ. ಹಿಂದಿನ ವಾರ ಫೋನನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ನನ್ನ ಮಗಳು ಬ್ರಿನ್‌ಳನ್ನು, ಸತ್ತು ಹತ್ತು ವರ್ಷವಾದ ತನ್ನ ತಂಗಿಯ ಹೆಸರಿನಿಂದ ಕೂಗಿದ್ದಳು. ಜನವರಿಯಲ್ಲಿ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳನ್ನು ನಮ್ಮ ಮನೆಗೆ ಕರೆತಂದಿದ್ದೆವು. ರಸ್‌ನ ಕಾರ್ಡುಗಳ ಕೋಣೆಯೇ ಅವಳ ಕೋಣೆಯಾಗಿತ್ತು, ಅವನ ಪೆಟ್ಟಿಗೆಗಳೆಲ್ಲ ತೇವದ ನೆಲಮಾಳಿಗೆಗೆ ಇಳಿದಿದ್ದವು. ಅವನು ದೂರಲಿಲ್ಲ. ಆದರೆ ದಿನಾ ಎರಡು ಸಲ ಕೆಳಗಿಳಿದು ತೇವ ಹೀರುವ ಯಂತ್ರದ ನೀರು ಚೆಲ್ಲಿ ಬರುವಾಗ ಮೆಟ್ಟಿಲ ಮೇಲೆ ಅವನ ಹೆಜ್ಜೆಯ ಸದ್ದು ಜೋರಾಗಿ ಕೇಳುತ್ತಿತ್ತು.

"ನಂದು ಕಡಿಮೆ ಅಚ್ಚು ಹಾಕಿದ್ರು," ಎಂದು ಅಮ್ಮ ಕ್ಯಾಸರೋಲ್ ಬಡಿಸಿಕೊಳ್ಳುತ್ತ ಶುರುಮಾಡಿದಳು. "ನೂರು ಪೊಟ್ಟಣಕ್ಕೆ ಒಂದೋ ಎರಡೋ. ಅದು ಸಿಕ್ಕಿದೋರು ಡೈರಿಗೆ ತಂದು ಕೊಟ್ರೆ ಒಂದು ದೊಡ್ಡ ಡಬ್ಬ ಐಸ್‌ಕ್ರೀಮ್ ಪುಕ್ಕಟೆ. ಕಾರ್ಡು ಅವರೇ ಇಟ್ಕೊಂಡು ಒಲೆಗೆ ಹಾಕೋರು, ಇನ್ನೊಂದ್ಸಲ ಯಾರೂ ತರಬಾರದಲ್ಲ."

"ಅಜ್ಜಿ, ನಿಂದೇ ಯಾಕೆ ಕಡಿಮೆ?" ಬ್ರಿನ್ ಕೇಳಿದಳು. ಹದಿನಾರು ವರ್ಷ, ಶಾಲೆಯ ತಂಡದಲ್ಲಿ ಅವಳೂ ಆಡುತ್ತಾಳೆ.

"ಮ್ಯಾನೇಜರ್ ನನ್ನ ಎದುರಿಗೇ ಅಂದ. ಬುಟ್ಟಿಗೆ ಹಾಕೋ ಹುಡುಗೀರ ಮುಖ ಜನಕ್ಕೆ ಬೇಕು, ತಡೆಯೋ ಮೂವರಲ್ಲಿ ಈ ಕುಳ್ಳಿ ಮುಖ ಇಲ್ದಿದ್ರೂ ನಡೆಯುತ್ತೆ ಅಂತ. ಆ ಬೇಸಿಗೆ ಊರೆಲ್ಲ ನನ್ನ ಮುಖ ಕೊಟ್ಟು ಐಸ್‌ಕ್ರೀಮ್ ತಿಂತು."

"ನಿನ್ನ ಹತ್ರ ಒಂದೂ ಇಲ್ವಾ?"

"ನಮ್ಮಮ್ಮ ಬೆಣ್ಣೆ ಮನೇಲೇ ಕಡೀತಿದ್ಲು. ನಮ್ಮಪ್ಪ ಎಲ್ಲಿಂದಲೋ ಒಂದು ತಂದ. ನನ್ನ ತಮ್ಮಂದಿರು ಅದನ್ನೂ ಕೊಟ್ಟು ತಿಂದು ಬಂದ್ರು. ಸ್ಟ್ರಾಬೆರಿ."

ರಸ್ ಪುಸ್ತಕ ಮುಚ್ಚಿದ. ನನ್ನ ಕಡೆ ನೋಡಿದ ನೋಟದಲ್ಲಿ ಹಂಗಿಸುವುದೇನೂ ಇರಲಿಲ್ಲ, ಮರುಕವಿತ್ತು. ನನಗೆ ಅದೇ ಹೆಚ್ಚು ಚುಚ್ಚಿತು.

ಮರುವಾರ ವೃದ್ಧರ ಆರೈಕೆ ಮನೆಯ ಪಟ್ರೀಸ್ ಬಂದಳು. ಮರೆವಿನವರಿಗೆ ಅಂತಲೇ ಅವರಲ್ಲಿ ಒಂದು ವಿಭಾಗವಿದೆ. ಮೇ ಒಂದಕ್ಕೆ ಒಂದು ಹಾಸಿಗೆ ಖಾಲಿಯಾಗುತ್ತದೆಂದು ನಾನೇ ಅಮ್ಮನ ಹೆಸರು ಬರೆಸಿದ್ದೆ. ಪಟ್ರೀಸ್ ಮೆತ್ತಗೆ ಇವತ್ತು ಯಾವ ವಾರ, ರಾಜ್ಯಪಾಲರು ಯಾರು ಎಂದೆಲ್ಲ ಕೇಳಿದಳು. ಅಮ್ಮ ಎಲ್ಲಕ್ಕೂ ಸರಿಯಾಗಿ ಉತ್ತರಿಸಿ, ರಾಜ್ಯಪಾಲರ ಬಗ್ಗೆ ಕೇಳದೆ ಇದ್ದ ಅಭಿಪ್ರಾಯವನ್ನೂ ಸೇರಿಸಿದಳು. ಆಮೇಲೆ ಪಟ್ರೀಸ್ ನಮ್ಮ ಕಡೆ ತಿರುಗಿದಳು. "ಇಲ್ಲದ್ದನ್ನ ಇದೆ ಅನ್ನೋದು, ಹಾಗೇನಾದ್ರೂ ಉಂಟಾ?"

ಒಲೆಯ ವಿಷಯ ನಾನು ಹೇಳಿದೆ. ಕಾರ್ಡಿನ ವಿಷಯ ರಸ್ ಹೇಳಿದ. "ತುಂಬ ವಿವರವಾಗಿ ಹೇಳ್ತಾರೆ. ಆದ್ರೆ ಅಂಥದ್ದೊಂದು ಇರಲೇ ಇಲ್ಲ."

ಪಟ್ರೀಸ್ ಬರೆದುಕೊಂಡಳು. ಅಮ್ಮ ಆ ಪೆನ್ನನ್ನೇ ನೋಡುತ್ತಿದ್ದಳು.

ಆ ವಾರವೇ ವೈದ್ಯರು ಮಂಪರು ತರುತ್ತಿದ್ದ ನೋವಿನ ಮಾತ್ರೆ ಬದಲಿಸಿದರು. ಹತ್ತು ದಿನದಲ್ಲಿ ಅಮ್ಮ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಪತ್ರಿಕೆ ಓದತೊಡಗಿದಳು, ಒಲೆ ಆರಿಸಿದೆನೆಂದು ತಾನೇ ಕೂಗಿ ಹೇಳುತ್ತಿದ್ದಳು. ನನಗೆ ಕಾಣುತ್ತಿತ್ತು. ಆದರೆ ಒಮ್ಮೆ ನಿರ್ಧರಿಸಿದ ಮೇಲೆ ಅದನ್ನು ಕೆಡವುವುದಕ್ಕೆ ಬೇರೆಯೇ ಧೈರ್ಯ ಬೇಕು. ದಿನವಿಡೀ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಬರುವವಳಿಗೆ, ತಾಯಿ ಸುರಕ್ಷಿತವಾಗಿ ಬೇರೆಲ್ಲೋ ಇದ್ದಾಳೆ ಎಂಬ ಯೋಚನೆ ಮೆತ್ತನೆಯ ದಿಂಬಿನ ಹಾಗಿರುತ್ತದೆ.

ಈಸ್ಟರ್ ದಿನ ಹ್ಯಾಮ್ ಕತ್ತರಿಸುತ್ತಿರುವಾಗ ಅಮ್ಮನೇ ಮಾತು ತೆಗೆದಳು.

"ಮೇ ಒಂದಕ್ಕೆ ನನ್ನ ಕಳಿಸ್ತಿದೀರಲ್ಲ."

"ಅಮ್ಮ, ಈಗ ಬೇಡ ಈ ಮಾತು."

"ಈಗಲೇ ಬೇಕು. ಒಲೆ ಉರಿಸಿಟ್ಟಿದ್ದು ನಿಜ. ಅದಕ್ಕೆ ಕಳಿಸೋದಾದ್ರೆ ಹೋಗ್ತೀನಿ. ಆದ್ರೆ ಆ ಹೆಂಗಸು ಒಲೆ ಅಂದಾಗ ಒಂದು ಸಾಲು ಬರೆದಳು, ಕಾರ್ಡು ಅಂದಾಗ ಅರ್ಧ ಪುಟ ಬರೆದಳು. ನಾನು ಆಡಿದ್ದು, ನನ್ನ ಪಟ ತೆಗೆದಿದ್ದು, ಅದೇ ನನ್ನ ಹುಚ್ಚಿಗೆ ಸಾಕ್ಷಿ ಆಗೋದಾದ್ರೆ ನಾನು ಒಪ್ಪಲ್ಲ. ಆರನೇ ಕಾರ್ಡು ತಂದು ಈ ಮೇಜಿನ ಮೇಲೆ ಇಡ್ತೀನಿ. ಇಟ್ಟೆ ಅಂದ್ರೆ ನಾನು ಇಲ್ಲೇ ಇರ್ತೀನಿ, ಇವತ್ತು ಯಾವ ವಾರ ಅಂತ ಒಬ್ಬರೂ ನನ್ನ ಕೇಳಬಾರದು. ಸಿಗ್ಲಿಲ್ಲ ಅಂದ್ರೆ ನಾನೇ ಪೆಟ್ಟಿಗೆ ಕಟ್ಟಿ ಕಾರಲ್ಲಿ ಕೂತ್ಕೋತೀನಿ. ಏನಂತೀಯ, ರಸ್?"

"ವರ್ನಾ, ಮೂವತ್ತು ವರ್ಷದಿಂದ ದೇಶದ ಸಂಗ್ರಹಕಾರರೆಲ್ಲ ಹುಡುಕ್ತಿದಾರೆ."

"ಐದು ಸಿಕ್ಕಿದ ಮೇಲೆ ಹುಡುಕೋದು ಬಿಟ್ಟಿದಾರೆ. ಎರಡಕ್ಕೂ ವ್ಯತ್ಯಾಸ ಇದೆ."

ರಸ್ ಚಾಕು ಕೆಳಗಿಟ್ಟ. "ಸರಿ, ಒಪ್ಪಿದೆ."

ಸೋಮವಾರದಿಂದ ಅಮ್ಮ ಫೋನು ಹಿಡಿದು ಕೂತಳು. ಊರಲ್ಲಿ ಉಳಿದ ಹಳಬರೆಲ್ಲರಿಗೂ ಐಸ್‌ಕ್ರೀಮ್ ನೆನಪಿತ್ತು, ಅದನ್ನು ಏನು ಕೊಟ್ಟು ತಂದರೆಂದು ನೆನಪಿರಲಿಲ್ಲ. ಒಬ್ಬರು ಬೆಣ್ಣೆ ಪೊಟ್ಟಣದ ಮುಚ್ಚಳ ಎಂದರು. ಅರಿಜೋನಾದಲ್ಲಿರುವ ಡಾರ್ಲೀನ್ ಸ್ಪೀಕರಿನಲ್ಲಿ ಮಾತಾಡಿದಳು. "ನನ್ನ ಕಾರ್ಡು ನೆನಪಿದೆ ವರ್ನಾ. ಫ್ರೇಮು ಹಾಕಿಸಿದೀನಿ. ನಿಂದೂ ಇತ್ತಾ?"

"ನಿಂಗೆ ಚೆಂಡು ತಂದುಕೊಡ್ತಿದ್ದೋರು ಯಾರು ಅಂತಾನೂ ಮರೆತಿರ್ತೀಯ," ಎಂದು ಅಮ್ಮ ಫೋನಿಟ್ಟಳು.

ಎರಡನೆಯ ವಾರದ ಗುರುವಾರ ನಾನು ಕೆಲಸದಿಂದ ಬಂದಾಗ ಮೇಜಿನ ಮೇಲೆ ಜಿಲ್ಲೆಯ ನಕ್ಷೆ ಹರಡಿತ್ತು. ಅಮ್ಮ, ಬ್ರಿನ್, ಇಬ್ಬರೂ ಅದರ ಮೇಲೆ ಬಗ್ಗಿದ್ದರು. ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ ಮುಗಿಸಿ ಬಂದಿದ್ದ ರಸ್ ಫ್ರಿಜ್ಜಿನ ಬಾಗಿಲು ಹಿಡಿದು ಕೇಳುತ್ತಿದ್ದ.

"ನಾನು ಇಷ್ಟು ದಿನ ತಪ್ಪು ಕೇಳ್ತಿದ್ದೆ," ಎಂದಳು ಅಮ್ಮ. "ಯಾರಿಗೆ ಕಾರ್ಡು ಸಿಕ್ತು ಅಂತಲ್ಲ ಕೇಳಬೇಕಾದ್ದು, ಸಿಕ್ಕಿದ್ರೂ ಐಸ್‌ಕ್ರೀಮ್ ಬೇಡ ಅಂದೋರು ಯಾರು ಅಂತ. ನಮ್ಮ ಡೈರಿ ಬೆಣ್ಣೆ ಪಕ್ಕದೂರು ಬ್ರೆಂಟ್‌ವಿಲ್ ಅಂಗಡೀಲೂ ಮಾರ್ತಿದ್ರು. ಐಸ್‌ಕ್ರೀಮ್ ಬೇಕಂದ್ರೆ ಮಾತ್ರ ನಮ್ಮೂರಿಗೆ ಬಂದು ನಮ್ಮ ಕೌಂಟರಲ್ಲಿ ಕೈ ಚಾಚಬೇಕಿತ್ತು. ಆ ವರ್ಷ ಜಿಲ್ಲಾ ಫೈನಲ್ಲಲ್ಲಿ ಬ್ರೆಂಟ್‌ವಿಲ್‌ನ ಸೋಲಿಸಿದ್ದು ನಾವು. ಅವರು ಸಾಯೋಕೆ ತಯಾರು, ನಮ್ಮೂರಿಗೆ ಬಂದು ಕೈ ಚಾಚೋಕೆ ಅಲ್ಲ."

ರಸ್ ಫ್ರಿಜ್ಜು ಮುಚ್ಚಿದ. ಒಂದು ಕುರ್ಚಿ ಎಳೆದು ಕೂತ. "ಮತ್ತೆ ಹೇಳಿ," ಎಂದ. ಅಮ್ಮ ಮತ್ತೆ ಹೇಳಿದಳು. "ಇದು... ಇದು ಸರಿಯಾದ ಲೆಕ್ಕ," ಎಂದು ಅವನು ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಮರುಕ ಹೋಗಿತ್ತು.

ಭಾನುವಾರ ಚರ್ಚ್ ಮುಗಿದ ಮೇಲೆ ನಿಂಬೆಹಣ್ಣಿನ ಸಿಹಿತುಂಡುಗಳ ತಟ್ಟೆ ಹಿಡಿದು ನಾವು ಮೂವರು ಹೆಂಗಸರು ಬ್ರೆಂಟ್‌ವಿಲ್‌ಗೆ ಹೋದೆವು. ಅಲ್ಲಿಯ ಚರ್ಚಿನ ಕಾಫಿ ಮೇಜಿನಲ್ಲಿ ವಿಚಾರಿಸಿದರೆ ಎಲ್ಲರೂ ಒಂದೇ ಹೆಸರು ಹೇಳಿದರು: ಮಾರ್ಲಿಸ್ ಹೌಗೆನ್. ಆ ಕಾಲದಲ್ಲಿ ಪಂದ್ಯಕ್ಕೆ ನಲವತ್ತೈದು ಅಂಕ ಹಾಕುತ್ತಿದ್ದ ಫಾರ್ವರ್ಡ್. ಊರಾಚೆ ಅವಳ ಹೊಲಮನೆ. ಅಮ್ಮ ಆ ಹೆಸರು ಕೇಳಿ ಊರುಗೋಲನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡಳು.

ಬಾಗಿಲು ತೆರೆದವಳು ಆರಡಿಗೆ ಎರಡೇ ಬೆರಳು ಕಡಿಮೆ. ಅಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಪರಿಚಯ ಹೇಳಲು ಬಾಯಿ ತೆರೆದೆ.

"ಗೊತ್ತು ಇವಳು ಯಾರು ಅಂತ," ಎಂದಳು ಮಾರ್ಲಿಸ್. "ಕುಳ್ಳಿ ವರ್ನಾ ಕ್ರೂಸ. ಸೊಂಟ ಮುರ್ಕೊಂಡೆಯಂತೆ."

"ಸೇರಿಸಿದಾರೆ. ನಿನ್ನ ಮೊಣಕಾಲು?"

"ಎರಡೂ ಹೊಸವು. ಬಾ, ಕೂತ್ಕೋ. ಹನ್ನೆರಡು."

"ಹನ್ನೊಂದು," ಎಂದಳು ಅಮ್ಮ.

"ಹನ್ನೆರಡು! ಕೊನೇ ನಿಮಿಷದ ಫ್ರೀ ಥ್ರೋ ಸೇರಿಸು. ಅದೂ ನೀನು ನನ್ನ ಕೈ ಹಿಡ್ಕೊಂಡಿದ್ದಕ್ಕೆ ಸಿಕ್ಕಿದ್ದು."

"ಹಿಡ್ಕೊಂಡಿರಲಿಲ್ಲ."

"ಕೈ ಕೆಂಪಾಗಿತ್ತು ಮೂರು ದಿನ!"

ಬ್ರಿನ್ ನನ್ನ ಪಕ್ಕೆಗೆ ತಿವಿದಳು. ಆ ಜಿಲ್ಲಾ ಫೈನಲ್ ಪಂದ್ಯದಲ್ಲಿ ನಲವತ್ತೈದು ಅಂಕದ ಮಾರ್ಲಿಸ್‌ಳನ್ನು ನನ್ನ ಅಮ್ಮ ಹನ್ನೆರಡಕ್ಕೆ ಕಟ್ಟಿಹಾಕಿದ್ದಳೆಂದು ನನಗೆ ಗೊತ್ತಾದದ್ದು ಆಗ. ನಲವತ್ತೇಳು ವರ್ಷ ಅವಳ ಮಗಳಾಗಿದ್ದೇನೆ. ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಕಾಫಿ ಬಂತು. ಅಮ್ಮ ಕಪ್ಪು ಮುಟ್ಟಲಿಲ್ಲ. "ಮಾರ್ಲಿಸ್, ಫೇರ್‌ಲಿ ಡೈರಿ ಬೆಣ್ಣೇಲಿ ಕಾರ್ಡು ಬರ್ತಿತ್ತು."

"ಬರ್ತಿತ್ತು. ನಮ್ಮ ಮನೇಲಿ ಆ ಬೆಣ್ಣೆ ತರಬಾರದು ಅಂತ ನಮ್ಮಪ್ಪನ ಆಜ್ಞೆ. ನಾನೇ ಕದ್ದು ತಂದೆ. ನಿನ್ನ ಮೂತಿ ಸಿಗೋವರೆಗೂ ತಂದೆ. ಹದಿನೇಳು ಪೊಟ್ಟಣ."

"ಐಸ್‌ಕ್ರೀಮ್?"

"ನಿಮ್ಮ ಊರಿಂದಾ?" ಅವಳು ಎಷ್ಟು ಜೋರಾಗಿ ಹೇಳಿದಳೆಂದರೆ ಅಂಗಳದ ನಾಯಿ ಬೊಗಳಿತು. "ನಮ್ಮ ಕೊಟ್ಟಿಗೇಲಿ ಬುಟ್ಟಿ ಇತ್ತು. ಅದರ ಕಂಬಕ್ಕೆ ನಿನ್ನ ಮೊಳೆ ಹೊಡೆದು ಹಾಕಿದೆ. ದಿನಾ ಹಾಲು ಕರೆಯೋಕೆ ಮುಂಚೆ ಇನ್ನೂರು ಸಲ ನಿನ್ನ ನೋಡ್ತಾ ಚೆಂಡು ಹಾಕ್ತಿದ್ದೆ. ಮರುವರ್ಷ ನಿಮ್ಮೂರಿಗೆ ಐವತ್ತೆಂಟು ಹಾಕಿದ್ನಲ್ಲ, ಅವತ್ತು ಬಂದು ಬಿಚ್ಚಿದೆ."

"ಬಿಚ್ಚಿ?" ಅಮ್ಮನ ಧ್ವನಿ ಸಣ್ಣಗಾಯಿತು.

ಮಾರ್ಲಿಸ್ ಎದ್ದು ಒಳಗೆ ಹೋದಳು. ನನ್ನ ಜೀವಮಾನದಲ್ಲಿ ನಾನು ಅಷ್ಟು ಮನಸಾರೆ ಯಾವುದನ್ನೂ ಬೇಡಿಕೊಂಡಿಲ್ಲ. ಅವಳು ತಂದ ಹಳೆಯ ಆಲ್ಬಮ್ಮಿನಲ್ಲಿ, ಐವತ್ತೆಂಟು ಅಂಕದ ಪತ್ರಿಕೆಯ ತುಣುಕಿನ ಎದುರು ಪುಟದಲ್ಲಿ, ನಾಲ್ಕು ಮೂಲೆಗೂ ಕಾಗದದ ಮಡಿಕೆಯಲ್ಲಿ ಸಿಕ್ಕಿಸಿ, ನನ್ನ ಅಮ್ಮ ಇದ್ದಳು. ಹದಿನೇಳರ ಹುಡುಗಿ. ಮೊಣಕಾಲು ಬಗ್ಗಿಸಿ, ಎರಡೂ ಕೈ ಚಾಚಿ, ಚೆಂಡಿಲ್ಲದೆ. ಕೆಳಗೆ ಹಸಿರು ಅಕ್ಷರದಲ್ಲಿ: ವರ್ನಾ ಕ್ರೂಸ, ಗಾರ್ಡ್. ಹಣೆಯ ನಟ್ಟನಡುವೆ ಒಂದು ತೂತು.

ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಕಾಫಿ ಕುಡಿದಳು.

ಕಾರ್ಡನ್ನು ಮಾರ್ಲಿಸ್ ಕೊಟ್ಟುಬಿಡಲಿಲ್ಲ. "ಇವಳ ಜೊತೆ ನಾನೂ ಬರ್ತೀನಿ," ಎಂದು ಆಲ್ಬಮ್ಮನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಕಾರು ಹತ್ತಿದಳು. ನಮ್ಮ ಮನೆಯಲ್ಲಿ ರಸ್ ಮಾಂಸ, ಬೀನ್ಸ್ ಹಾಕಿದ ಚಿಲಿ ಮಾಡಿಟ್ಟು, ದಾಲ್ಚಿನ್ನಿ ರೋಲುಗಳನ್ನು ಬಿಸಿಮಾಡಿ ಕಾಯುತ್ತಿದ್ದ. ಅಮ್ಮ ಆಲ್ಬಮ್ಮನ್ನು ಮೇಜಿನ ಮೇಲೆ ತೆರೆದಿಟ್ಟಳು. ಅವನು ಬಟ್ಟೆಗೆ ಕೈ ಒರೆಸಿಕೊಂಡ, ತೊಳೆದುಕೊಂಡ, ಮತ್ತೆ ಒರೆಸಿಕೊಂಡು ಬಂದು ಬಗ್ಗಿದ.

"ಹಣೆಗೆ ಮೊಳೆ," ಎಂದು ನರಳಿದ. "ಅಯ್ಯೋ ದೇವರೇ, ಹಣೆಗೇ ಮೊಳೆ."

"ಕೆಳಗೆ ಓದು," ಎಂದಳು ಅಮ್ಮ.

ಓದಿದ. ನೆಟ್ಟಗೆ ನಿಂತ. "ವರ್ನಾ, ಆ ಹೆಂಗಸಿನ ಮುಂದೆ ನಾನು ಆ ಮಾತು ಆಡಬಾರದಿತ್ತು."

"ಆಡಬಾರದಿತ್ತು. ಚಿಲಿ ಬಡಿಸು."

ನಾನು ಅಲ್ಲೇ ಫೋನು ತೆಗೆದೆ. "ಪಟ್ರೀಸ್‌ಗೆ ಈಗಲೇ ಹೇಳ್ತೀನಿ ಅಮ್ಮ."

"ಇಡು ಕೆಳಗೆ. ಮೊದಲು ಪುಸ್ತಕದೋನು ಹೇಳಲಿ. ಮಗಳು ಪಾಪ ಅಂತ ಬಿಟ್ಟಳು ಅನ್ನೋ ಹಾಗೆ ನಂಗೆ ಬೇಡ."

ರಸ್ ಪಟ ತೆಗೆದು ಒಹಾಯೋಗೆ ಕಳಿಸಿದ. ಒಂದು ಗಂಟೆಯೊಳಗೆ ಉತ್ತರ ಬಂತು: ಯಾರಿಗೂ ಮಾರಬೇಡಿ, ಏಪ್ರಿಲ್ ಕೊನೆಯ ಶನಿವಾರ ಡೆ ಮಾಯ್ನ್‌ನ ಕಾರ್ಡು ಮೇಳಕ್ಕೆ ಬರುತ್ತಿದ್ದೇನೆ.

ಮೇಳ ಒಂದು ಹೋಟೆಲಿನ ಸಭಾಂಗಣದಲ್ಲಿತ್ತು. ಉದ್ದನೆಯ ಮೇಜುಗಳು, ಗಾಜಿನ ಪೆಟ್ಟಿಗೆಗಳು, ತುಂಬ ಗಂಡಸರು. ಅವರ ನಡುವೆ ಊರುಗೋಲಿನ ನನ್ನ ಅಮ್ಮನೂ ಹೊಸ ಮೊಣಕಾಲಿನ ಮಾರ್ಲಿಸ್‌ಳೂ ಭಾನುವಾರದ ಉಡುಪಿನಲ್ಲಿ ನಡೆದರು. ಹಿಂದೆ ರಸ್, ಆಲ್ಬಮ್ಮನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು.

ಪುಸ್ತಕದವನ ಹೆಸರು ಗೇಲನ್ ಪ್ರೂಯಿಟ್. ತೆಳ್ಳಗಿನ ಮುದುಕ. ಭೂತಗನ್ನಡಿ ಹಿಡಿದು ಕಾಗದ ನೋಡಿದ, ಹಸಿರು ಶಾಯಿ ನೋಡಿದ, ರಸ್‌ನ ಐದು ಕಾರ್ಡುಗಳ ಪಕ್ಕದಲ್ಲಿಟ್ಟು ಅಂಚು ಅಳೆದ. ಸುತ್ತ ಜನ ಸೇರಿದರು. "ಅಸಲಿ," ಎಂದ ಕೊನೆಗೆ. "ಒಂದೇ ಮುದ್ರಣದ್ದು. ಅಮ್ಮ, ನಿಮ್ಮ ಕ್ಷಮೆ ಕೇಳಬೇಕು. ನಂಗೆ ಐದು ಸಿಕ್ಕವು, ತಂಡದಲ್ಲಿ ಐದು ಜನ ತಾನೇ ಅಂತ ಪೂರ್ಣ ಅಂತ ಬರೆದುಬಿಟ್ಟೆ."

"ಒಂದು ಫೋನು ಮಾಡಿದ್ರೆ ಅಯೋವಾದ ಯಾವ ಹೆಂಗಸಾದ್ರೂ ಹೇಳಿರೋಳು," ಎಂದಳು ಅಮ್ಮ.

ನಾನು ನೆಲ ನೋಡಿದೆ. ಆಮೇಲೆ ತಲೆ ಎತ್ತಿ, ಅಷ್ಟು ಜನರ ಮುಂದೆ ಹೇಳಿದೆ: "ನಾನು ಹೇಳಬೇಕಿತ್ತು ಅಮ್ಮ. ಮೊದಲನೇ ದಿನವೇ ನಂಗೆ ಗೊತ್ತಿತ್ತು."

ಅಮ್ಮ ನನ್ನನ್ನು ನೋಡಿದಳು. "ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು," ಎಂದಳು. ನನ್ನ ಮೊಣಕೈ ಹಿಡಿದುಕೊಂಡಳು, ಬಿಡಲಿಲ್ಲ.

ಪ್ರೂಯಿಟ್ ಪೆನ್ನು ತೆಗೆದ. "ಹೊಸ ಮುದ್ರಣಕ್ಕೆ ಬರೀತೀನಿ. ನಿಮ್ಮ ಒಟ್ಟು ಅಂಕ?"

"ಸೊನ್ನೆ. ನಾಲ್ಕು ವರ್ಷ, ಸೊನ್ನೆ. ದಪ್ಪ ಅಕ್ಷರದಲ್ಲಿ ಹಾಕಿ. ಪಕ್ಕದಲ್ಲಿ, ಮಾರ್ಲಿಸ್ ಹೌಗೆನ್‌ಳನ್ನು ಹನ್ನೆರಡಕ್ಕೆ ನಿಲ್ಲಿಸಿದಳು ಅಂತ ಹಾಕಿ."

"ಮರುವರ್ಷ ಐವತ್ತೆಂಟು ಅಂತಾನೂ ಹಾಕಿ!" ಮಾರ್ಲಿಸ್ ಮೇಜು ಗುದ್ದಿದಳು.

ಚಿಕಾಗೋದ ವ್ಯಾಪಾರಿಯೊಬ್ಬ ಗುಂಪಿನಿಂದ ಮುಂದೆ ಬಂದ. "ಮೂರು ಸಾವಿರ. ಹಣೆಯಲ್ಲಿ ತೂತಿದೆ, ಅದಕ್ಕೇ ಇಷ್ಟು ಕಡಿಮೆ."

"ತೂತಿಗೇ ಮೂರು ಸಾವಿರ," ಎಂದಳು ಮಾರ್ಲಿಸ್. "ಅದು ನಾನು ಹೊಡೆದ ಮೊಳೆ. ಹುಡುಗಿಗೆ ಬೇರೆ ಹೇಳು." ಅಮ್ಮನ ಕಡೆ ತಿರುಗಿದಳು. "ಮುಖ ನಿಂದು. ಅರ್ಧ ನಿಂಗೆ. ಮಾರೋಣ್ವಾ?"

"ಮಾರೋಣ. ಆದ್ರೆ ಈ ಐದು ಜನ ಸೇರಿ ಎಷ್ಟು ಬೆಲೆಯೋ ಅದಕ್ಕಿಂತ ಎಷ್ಟು ಜಾಸ್ತಿ ಅಂತ ಮೊದಲು ನಂಗೆ ಕೇಳಿಸಬೇಕು. ರಸ್, ನೀನು ಜೋರಾಗಿ ಹೇಳು."

ರಸ್ ಜೋರಾಗಿಯೇ ಹೇಳಿದ. ವ್ಯಾಪಾರಿ ಐದು ಸಾವಿರ ಎಂದ. ಪ್ರೂಯಿಟ್ ಐದೂವರೆ ಎಂದ. ಮಾರ್ಲಿಸ್ ಮುಂದೆ ನಿಂತು ಬೆಲೆ ಏರಿಸಿ ಕೇಳುತ್ತಿದ್ದಳು, ಅಮ್ಮ ಬದಿಯಲ್ಲಿ ನಿಂತು ಬೇಡವೆಂದು ತಲೆಯಾಡಿಸಿ ತಡೆಯುತ್ತಿದ್ದಳು.

ನಾನು ಹೊರಗಿನ ಪಡಸಾಲೆಗೆ ಬಂದು ಆರೈಕೆ ಮನೆಗೆ ಫೋನು ಮಾಡಿದೆ. "ಪಟ್ರೀಸ್, ನಾನು ಡೀನಾ. ಮೇ ಒಂದರ ಆ ಹಾಸಿಗೆ ಬೇರೆ ಯಾರಿಗಾದ್ರೂ ಕೊಟ್ಟುಬಿಡಿ. ನಮ್ಮ ಅಮ್ಮನಿಗೆ ಬೇಡ."

ಆ ಕಡೆ ಅವಳ ದನಿ ತೀರ ಮೆತ್ತಗಾಯಿತು. ಅಂಥ ಫೋನುಗಳು ಅವಳಿಗೆ ಬಹಳ ಬರುತ್ತಿದ್ದವೇನೋ. "ಅಯ್ಯೋ ಡೀನಾ. ಯಾವಾಗ ಹೋದ್ರು?"

ಬಾಗಿಲ ಸಂದಿಯಿಂದ ಅಮ್ಮನ ಧ್ವನಿ ಇಡೀ ಸಭಾಂಗಣವನ್ನು ಸೀಳಿಕೊಂಡು ಬಂತು.

"ಹೋಗಿಲ್ಲ," ಎಂದೆ ನಾನು. "ಒಳಗಿದಾರೆ. ಆರು ಸಾವಿರ ಕೊಡ್ತೀನಿ ಅಂದ್ರೂ ಒಪ್ತಿಲ್ಲ."